ರನ್‌ವೇ ಆಚೆಯ ಮನೆ

ವಿಮಾನ ನಿಲ್ದಾಣದಲ್ಲಿ ಆಕೆಯ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಎದೆಯ ಮೇಲೆ ಹೆಸರಿನ ಬಿಲ್ಲೆ ಇದ್ದೇ ಇತ್ತು. ಆದರೂ ಕೆಲಸಕ್ಕೆ ಸೇರಿದ ಹೊಸತರಲ್ಲೇ ಟ್ಯಾಕ್ಸಿಯವರು, ಕಸ ಗುಡಿಸುವವರು, ಕಡೆಗೆ ಬಂದೂಕು ಹಿಡಿದು ಬಾಗಿಲಲ್ಲಿ ನಿಲ್ಲುವ ಕಾವಲಿನವರೂ ‘ಗಾಲಿಕುರ್ಚಿ ಅಕ್ಕ’ ಎಂದು ಕರೆದು ಮುಗಿಸಿಬಿಟ್ಟಿದ್ದರು. ಮಂಡಿನೋವಿನವರನ್ನು, ಆಪರೇಷನ್ ಆಗಿ ಹೊಲಿಗೆ ಒಣಗದವರನ್ನು, ನಡೆಯಲು ಬಂದರೂ ಸಾಲಿನಲ್ಲಿ ನಿಲ್ಲಲು ಬೇಸರಪಡುವವರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೊರಬಾಗಿಲಿನಿಂದ ವಿಮಾನದ ಬಾಯಿಯವರೆಗೆ ತಳ್ಳಿಕೊಂಡು ಹೋಗುವುದು ಅವಳ ಕೆಲಸ. ಮೂರನೆಯ ಜಾತಿಯವರನ್ನು ಅವಳು ದೂರದಿಂದಲೇ ಗುರುತು ಹಿಡಿಯುತ್ತಿದ್ದಳು. ಆದರೂ ಏನೂ ಅನ್ನದೆ ತಳ್ಳುತ್ತಿದ್ದಳು.

ಅವಳು ಸೇರಿದಾಗ ಊರು ಇಷ್ಟು ಬೆಳೆದಿರಲಿಲ್ಲ. ನಿಲ್ದಾಣವೆಂದರೆ ಒಂದು ಉದ್ದನೆಯ ಹಜಾರ, ಎರಡು ಕೌಂಟರು, ಮೂಲೆಯಲ್ಲೊಂದು ಟೀ ಅಂಗಡಿ. ಬೆಳಗ್ಗೆ ಒಂದು ವಿಮಾನ ಬಂದು ಹೋದರೆ ಮತ್ತೆ ಸಂಜೆಯೇ ಇನ್ನೊಂದು. ಅವಳ ಮನೆ ರನ್‌ವೇಯ ಆಚೆ ತುದಿಗೆ, ತಂತಿಬೇಲಿಗೆ ಬೆನ್ನು ಕೊಟ್ಟು ನಿಂತ ಗಲ್ಲಿಯಲ್ಲಿತ್ತು. ಬೇಲಿಯ ಅಂಚಿನಲ್ಲೇ ಒಂದು ಹಳೆಯ ರಸ್ತೆ. ಆ ರಸ್ತೆ ಹಿಡಿದು ಕೈ ಬೀಸಿಕೊಂಡು ನಡೆದರೆ, ಪಕ್ಕದ ಮನೆಯವರ ಜೊತೆ ಶುರು ಮಾಡಿದ ಮಾತು ಮನಸ್ಸಿನಲ್ಲಿ ಮುಗಿಯುವಷ್ಟರಲ್ಲಿ ಕೆಲಸದ ಜಾಗ ಬಂದಿರುತ್ತಿತ್ತು. ನಡುವೆ ವಿಮಾನವಿಲ್ಲದ ಹೊತ್ತಿನಲ್ಲಿ ಮನೆಗೆ ಬಂದು, ಒಣಗಿದ ಬಟ್ಟೆ ಎತ್ತಿಟ್ಟು, ಅತ್ತೆಯ ಹತ್ತಿರ ಸಣ್ಣದೊಂದು ಜಗಳವಾಡಿ, ಸಮಾಧಾನವಾಗಿ ವಾಪಸು ಹೋಗುತ್ತಿದ್ದಳು.

ಆಮೇಲೆ ಊರಿಗೆ ಏನಾಯಿತೋ, ನಾಲ್ಕೂ ದಿಕ್ಕಿಗೆ ಉಬ್ಬತೊಡಗಿತು. ದೊಡ್ಡ ವಿಮಾನಗಳು ಇಳಿಯಬೇಕೆಂದು ರನ್‌ವೇಯನ್ನು ಉದ್ದ ಮಾಡಿದರು. ಉದ್ದ ಮಾಡಿದ ಭಾಗ ಹಳೆಯ ರಸ್ತೆಯನ್ನು ಸಲೀಸಾಗಿ ನುಂಗಿ ಹಾಕಿತು. ಬೇಲಿ ಹೋಗಿ ಆಳೆತ್ತರದ ಗೋಡೆ ಬಂತು. ಗೋಡೆಯ ಮೇಲೆ ಮುಳ್ಳುತಂತಿಯ ಸುರುಳಿ ಬಂತು. ಜನರಿಗೆ ರನ್‌ವೇಯ ಕೆಳಗಿಂದ ದಾರಿ ಮಾಡಿಕೊಡುತ್ತೇವೆ ಎಂದು ಗಲ್ಲಿಯ ಬಾಯಲ್ಲಿ ಒಂದು ಬೋರ್ಡು ನೆಟ್ಟರು. ಬೋರ್ಡಿನಲ್ಲಿ ಬಣ್ಣಬಣ್ಣದ ಸುರಂಗ, ಅದರೊಳಗೆ ನಗುತ್ತಾ ನಡೆಯುವ ಜನ. ಬಿಸಿಲಿಗೆ ಮೊದಲು ಜನ ಮಾಸಿದರು, ಆಮೇಲೆ ಸುರಂಗ ಮಾಸಿತು, ಕೊನೆಗೆ ಬೋರ್ಡಿನ ತಗಡನ್ನು ಯಾರೋ ಕೋಳಿಗೂಡಿಗೆ ಬಿಚ್ಚಿಕೊಂಡು ಹೋದರು.

ಈಗ ಅಕ್ಕ ಕೆಲಸಕ್ಕೆ ಹೋಗಬೇಕೆಂದರೆ ಗಲ್ಲಿಯಿಂದ ಮುಖ್ಯರಸ್ತೆಗೆ ಬಂದು, ಬಸ್ಸು ಹಿಡಿದು, ಮಾರುಕಟ್ಟೆಯ ಸರ್ಕಲ್ಲು, ಆಸ್ಪತ್ರೆಯ ಸಿಗ್ನಲ್ಲು, ವರ್ಷಗಟ್ಟಲೆಯಿಂದ ಕಟ್ಟುತ್ತಲೇ ಇರುವ ಮೇಲುಸೇತುವೆ ಎಲ್ಲ ದಾಟಿ, ಹೆದ್ದಾರಿಗೆ ಸೇರಿ, ಟೋಲಿನಲ್ಲಿ ತೆವಳಿ, ಊರನ್ನೇ ಒಂದು ಸುತ್ತು ಹಾಕಿ ಬರಬೇಕು. ತನ್ನ ಮನೆಯ ಮಹಡಿಯ ಮೇಲೆ ನಿಂತರೆ ನಿಲ್ದಾಣದ ಹೊಸ ಗಾಜಿನ ಕಟ್ಟಡ ಕೈಗೆ ಸಿಗುವಂತೆ ಕಾಣುತ್ತಿತ್ತು. ಹಲ್ಲುಜ್ಜುವಾಗ ಅದರ ಕಡೆ ನೋಡಬಾರದೆಂದು ಅವಳು ಗೋಡೆಗೆ ಮುಖ ಮಾಡಿ ಉಜ್ಜುತ್ತಿದ್ದಳು.

ಇಷ್ಟು ಸಾಲದೆಂಬಂತೆ, ಅವಳು ಹತ್ತಬೇಕಾದ ಬಸ್ಸನ್ನು ಓಡಿಸುತ್ತಿದ್ದವನು ಅವಳ ಗಂಡನೇ.

ಡಿಪೋದಲ್ಲಿ ಅವನನ್ನು ‘ಬ್ರೇಕಣ್ಣ’ ಎನ್ನುತ್ತಿದ್ದರು. ಹಳದಿ ದೀಪ ಕಂಡರೆ ಸಾಕು, ಉಳಿದವರು ವೇಗ ಹೆಚ್ಚಿಸುವಲ್ಲಿ ಇವನು ಬಸ್ಸು ನಿಲ್ಲಿಸಿ ಕೈ ಕಟ್ಟಿ ಕೂರುತ್ತಿದ್ದ. ಸ್ಟಾಪಿಲ್ಲದ ಕಡೆ ಬಾಗಿಲು ತೆಗೆಯುವುದಂತೂ ಸತ್ತರೂ ಇಲ್ಲ. ಅದಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಗೋಗರೆದರೆಂದು ನಡುರಸ್ತೆಯಲ್ಲಿ ಬಾಗಿಲು ತೆಗೆದಿದ್ದ. ಇಳಿದವನಿಗೆ ಎಡಗಡೆಯಿಂದ ನುಗ್ಗಿ ಬಂದ ಬೈಕು ಹೊಡೆದು ಕಾಲು ಮುರಿದಿತ್ತು. ಆ ಮನುಷ್ಯ ಕೋಲೂರಿಕೊಂಡು ನಡೆಯುವುದನ್ನು ಬ್ರೇಕಣ್ಣ ಈಗಲೂ ಆಸ್ಪತ್ರೆಯ ಸಿಗ್ನಲ್ಲಿನ ಹತ್ತಿರ ಆಗಾಗ ಕಾಣುತ್ತಿದ್ದ. ಕಂಡ ದಿನ ಮನೆಯಲ್ಲಿ ಅರ್ಧ ಊಟಕ್ಕೇ ಏಳುತ್ತಿದ್ದ.

ಹೆಂಡತಿಗೆ ಇದೆಲ್ಲ ಗೊತ್ತಿತ್ತು. ಆದರೆ ಬೆಳಗಾಗೆದ್ದು ಅದೇ ಬಸ್ಸಿನಲ್ಲಿ ಕೂತು, ಗಂಡನ ಬೋಳುನೆತ್ತಿಯನ್ನೇ ನೋಡುತ್ತಾ, ಬಸ್ಸು ಒಂದಡಿ ಮುಂದೆ ಹೋಗಿ ಎರಡು ನಿಟ್ಟುಸಿರು ಬಿಡುವುದನ್ನು ಅನುಭವಿಸುವಾಗ ಗೊತ್ತಿದ್ದದ್ದೆಲ್ಲ ಮರೆತು ಹೋಗುತ್ತಿತ್ತು.

"ರೀ, ಆ ಆಟೋದವನು ನುಗ್ಗಿದ ನೋಡಿ. ನೀವೂ ಹಂಗೇ ನುಗ್ಗಬಾರದಾ?"

"ಅವನಿಗೆ ಮೂರು ಗಾಲಿ, ಮೂರು ಜನ. ನನ್ನ ಹಿಂದೆ ಒಂದು ಮದುವೆಮನೆಯಷ್ಟು ಜನ ಇದಾರೆ ಕಣೇ."

"ನಿಮ್ಮ ಬಸ್ಸಿಂದ ನನ್ನ ಕೆಲಸ ಹೋಗುತ್ತೆ, ಬರೆದಿಟ್ಕೊಳ್ಳಿ."

"ಬಸ್ಸೂ ನಂದಲ್ಲ, ರಸ್ತೇನೂ ನಂದಲ್ಲ. ಚಾಲಕನೊಂದಿಗೆ ಮಾತಾಡಬಾರದು ಅಂತ ಬರೆದಿದೆ ನೋಡು ಅಲ್ಲಿ."

ನಿಲ್ದಾಣದಲ್ಲಿ ಬೆರಳೊತ್ತುವ ಯಂತ್ರವಿತ್ತು. ಹೊತ್ತು ಮೀರಿ ಒತ್ತಿದರೆ ಅದು ಕೆಂಪಗಾಗಿ ಕೀಂಯ್ ಎನ್ನುತ್ತಿತ್ತು. ಅಕ್ಕನ ಬೆರಳು ಕಂಡರೆ ಸಾಕು, ಅದು ಕೆಂಪಗಾಗಲು ಕಾಯುತ್ತಿತ್ತೇನೋ ಎನ್ನುವಂತಾಗಿತ್ತು. ಮೊದಮೊದಲು ಸೂಪರ್‌ವೈಸರು ಸುಮ್ಮನಿದ್ದ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಇಸ್ತ್ರಿ ಮಾಡಿದ ಅಂಗಿ, ಕೆಟ್ಟವನೇನಲ್ಲ. ಆಮೇಲೆ ಮೇಲಿನವರು ಅವನನ್ನು ತಿವಿದರು. ಅವನು ಇವಳನ್ನು ಕರೆದು ಹೇಳಿದ.

"ಅಕ್ಕ, ಇನ್ನೊಂದು ಸಲ ಲೇಟಾದ್ರೆ ನನ್ನ ಕೈಯಲ್ಲಿ ಏನೂ ಇರಲ್ಲ."

"ಹಾಗಾದ್ರೆ ನನಗೂ ಆಫೀಸಿನ ವ್ಯಾನು ಕೊಡಿಸಿ ಸಾರ್. ದೂರದಿಂದ ಬರೋರಿಗೆಲ್ಲ ವ್ಯಾನಿದೆಯಲ್ಲ."

ಅವನು ಕಂಪ್ಯೂಟರಿನಲ್ಲಿ ಏನೋ ಒತ್ತಿ ನೋಡಿ, ಪಾಪದ ಮುಖ ಮಾಡಿದ. "ನಿಮ್ಮ ಮನೆ ಹತ್ತಿರದ ಪಟ್ಟಿಯಲ್ಲಿದೆ ಅಕ್ಕ. ಹತ್ತಿರದೋರಿಗೆ ವ್ಯಾನಿಲ್ಲ. ಇಲ್ಲಿ ನೋಡಿ, ಇಷ್ಟೇ ದೂರ ತೋರಿಸ್ತಿದೆ." ಹೆಬ್ಬೆರಳು ತೋರುಬೆರಳಿನ ನಡುವೆ ಅವನು ತೋರಿಸಿದ ಜಾಗದಲ್ಲಿ ಒಂದು ಕಡಲೆಕಾಯಿ ಹಿಡಿಯುತ್ತಿತ್ತು, ಅಷ್ಟೆ.

"ಇದನ್ನ ಹೆಂಗೆ ಅಳೀತಾರೆ?"

"ನೇರ ಗೆರೆ ಎಳೆದು."

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನೇರ ಹಾರಿ ಬರೋಕೆ ನಾನೇನು ಕಾಗೆನಾ ಸಾರ್? ಕಾಗೆ ಬಂದ್ರೂ ನೀವು ಬಿಡಲ್ಲ, ಪಟಾಕಿ ಹೊಡೆದು ಓಡಿಸ್ತೀರಿ!"

ಸೂಪರ್‌ವೈಸರು ನಕ್ಕ. ಕೇಳಿಸಿಕೊಂಡ ಕೌಂಟರಿನ ಹುಡುಗಿಯರೂ ನಕ್ಕರು. ವ್ಯಾನು ಮಾತ್ರ ಬರಲಿಲ್ಲ.

ಇದಾದ ಮರುವಾರ ಒಂದು ಬೆಳಗ್ಗೆ ಅವಳು ಎಂದಿಗಿಂತ ಬೇಗ ಹೊರಟಳು. ಬ್ರೇಕಣ್ಣನ ಬಸ್ಸಿನಲ್ಲಿ ಮುಂದಿನ ಸೀಟೂ ಸಿಕ್ಕಿತು. ಮಾರುಕಟ್ಟೆಯ ಸರ್ಕಲ್ಲಿನಲ್ಲಿ ಒಬ್ಬಳು ಅಜ್ಜಿ ಕೋಲೂರಿಕೊಂಡು, ಒಂದು ಹಸಿರು ಚೀಲ ಎತ್ತಿಕೊಂಡು ಹತ್ತಿ ಪಕ್ಕದಲ್ಲಿ ಕೂತಳು. ಸಣ್ಣ ಊರೊಂದರಿಂದ ಮೊದಲ ಬಸ್ಸಿಗೆ ಬಂದಿದ್ದಳಂತೆ. ದೂರದ ಊರಿನಲ್ಲಿರುವ ತನ್ನ ಅಕ್ಕನಿಗೆ ಕಣ್ಣಿನ ಆಪರೇಷನ್, ನೋಡಿಕೊಳ್ಳುವವರಿಲ್ಲವೆಂದು ಹೊರಟಿದ್ದಾಳೆ, ವಿಮಾನ ಹತ್ತುವುದು ಇದೇ ಮೊದಲು.

"ಹೆದರಿಕೆ ಆಗುತ್ತೆ ಮಗಳೇ. ಆದ್ರೆ ಬಾಗಿಲಲ್ಲೇ ಗಾಲಿಕುರ್ಚಿ ತಂದು ಕೂರಿಸ್ಕೊಂಡು ಹೋಗ್ತಾರಂತೆ. ಟಿಕೆಟ್ ಮಾಡಿಸುವಾಗಲೇ ನಮ್ಮ ಪಕ್ಕದ ಮನೆಯೋರು ಹೇಳಿಟ್ಟಿದಾರೆ."

ಅಕ್ಕ ವಿಮಾನ ಯಾವುದೆಂದು ಕೇಳಿದಳು. ಅವಳ ಪಾಳಿಯ ಮೊದಲ ವಿಮಾನವೇ ಅದು. "ಆ ಕುರ್ಚಿ ತಳ್ಳೋಳು ನಾನೇ ಅಜ್ಜಿ," ಎಂದಳು. "ಇಬ್ಬರೂ ಇಲ್ಲೇ ಕೂತಿದೀವಿ."

ಅಜ್ಜಿಗೆ ಭಾರಿ ಸಮಾಧಾನವಾಯಿತು. ಕುರ್ಚಿಯವಳೇ ಪಕ್ಕದಲ್ಲಿರುವಾಗ ವಿಮಾನ ತನ್ನನ್ನು ಬಿಟ್ಟು ಎಲ್ಲಿ ಹೋಗುತ್ತದೆ ಎಂಬಂತೆ ಚೀಲವನ್ನು ಕಾಲಬುಡದಲ್ಲಿಟ್ಟು ಕಣ್ಣು ಮುಚ್ಚಿದಳು. ಅಕ್ಕ ಮಾತ್ರ ಸೀಟಿನ ಅಂಚಿಗೆ ಸರಿದು ರಸ್ತೆ ನೋಡತೊಡಗಿದಳು. ಇಷ್ಟು ದಿನ ಅವಳೊಬ್ಬಳಿಗೇ ಲೇಟಾಗುತ್ತಿತ್ತು, ಇವತ್ತು ಇನ್ನೊಬ್ಬರ ಪ್ರಯಾಣವೂ ಅದೇ ಬಸ್ಸಿನೊಳಗೆ ಕೂತಿತ್ತು.

ಮೇಲುಸೇತುವೆಯ ಕೆಳಗೆ ಕಾಂಕ್ರೀಟು ಕಲೆಸುವ ಲಾರಿಯೊಂದು ಅಡ್ಡ ನಿಂತು ಕೆಟ್ಟಿತ್ತು. ಬಸ್ಸು ನಿಂತಿತು. ನಿಂತೇ ಇತ್ತು. ಹಾರನ್ನುಗಳ ನಡುವೆ ಅಜ್ಜಿ ಒಂದು ನಿದ್ದೆ ಮುಗಿಸಿದಳು. ಕೊನೆಗೂ ಲಾರಿಯನ್ನು ಎಳೆದು ಹಾಕಿ ದಾರಿ ಬಿಟ್ಟಾಗ ಎಲ್ಲರೂ ಒಮ್ಮೆಲೇ ನುಗ್ಗಿದರು, ಬ್ರೇಕಣ್ಣನೊಬ್ಬನನ್ನು ಬಿಟ್ಟು. ಅಲ್ಲಿಂದ ಹೇಗೋ ಟೋಲಿನ ತಿರುವಿನವರೆಗೆ ಬಂದು ಮತ್ತೆ ಸಿಕ್ಕಿಹಾಕಿಕೊಂಡರು. ಎಡಗಡೆ ಒಂದು ಬಯಲು, ಬಯಲಿನಾಚೆ ನಿಲ್ದಾಣದ ಗಾಜು ಬಿಸಿಲಿಗೆ ಹೊಳೆಯುತ್ತಿತ್ತು. ಇಳಿದು ಬಯಲು ದಾಟಿದರೆ ಆಯಿತು.

ಅಕ್ಕ ಎದ್ದು ಗಂಡನ ಪಕ್ಕ ನಿಂತಳು. "ರೀ, ಬಾಗಿಲು ತೆಗೀರಿ."

"ಇಲ್ಲಿ ಸ್ಟಾಪಿಲ್ಲ."

"ಗೊತ್ತು ಸ್ಟಾಪಿಲ್ಲ ಅಂತ. ಈ ಅಜ್ಜಿಗೆ ವಿಮಾನ ಇದೆ. ನನಗೆ ಇವತ್ತು ಲೇಟಾದ್ರೆ ಕೆಲಸ ಇಲ್ಲ. ಒಂದೇ ಒಂದು ಸಲ ತೆಗೀರಿ."

"ಆಗಲ್ಲ."

"ನಾನು ಕೈ ಹಿಡಿದು ಇಳಿಸ್ತೀನಿ ಅವರನ್ನ."

"ಆಗಲ್ಲ ಅಂದ್ನಲ್ಲ."

ಬಸ್ಸಿನ ಜನಕ್ಕೆ ಬೇರೆ ಕೆಲಸವಿರಲಿಲ್ಲ. ಹಿಂದಿನಿಂದ ಒಬ್ಬ "ತೆಗೀರಿ ಡ್ರೈವರೇ, ಹೆಂಗಸರು ಅಷ್ಟು ಕೇಳ್ತಿದಾರೆ" ಎಂದು ಕೂಗಿದ. ಇನ್ನೊಬ್ಬ "ಮನುಷ್ಯತ್ವ ಇಲ್ವಾ?" ಎಂದ. ಕಿಟಕಿ ಪಕ್ಕದ ಹೆಂಗಸೊಬ್ಬಳು, "ಇಂಥೋನನ್ನ ಕಟ್ಕೊಂಡೋಳು ಅದೆಂಗೆ ಬಾಳ್ತಾಳೋ" ಎಂದು ಅನುಕಂಪ ತೋರಿಸಿದಳು.

"ಹಿಂಗೇ ಬಾಳ್ತೀನಿ!" ಎಂದು ಅಕ್ಕ ಅವಳ ಕಡೆ ತಿರುಗಿ ಕಿರುಚಿದಳು.

ಹಿಂದೆ ಯಾರೋ ಕಿಸಕ್ಕೆಂದರು. ಬ್ರೇಕಣ್ಣನ ಕಿವಿ ಕೆಂಪಗಾಯಿತು, ಆದರೆ ಕೈ ಬಾಗಿಲು ತೆಗೆಯುವ ಗುಂಡಿಯ ಹತ್ತಿರ ಹೋಗಲಿಲ್ಲ. ಅದೇ ಹೊತ್ತಿಗೆ ಬಾಗಿಲಿಗೂ ರಸ್ತೆಯ ಅಂಚಿಗೂ ನಡುವಿನ ಸಂದಿಯಲ್ಲಿ ಬೈಕೊಂದು ಸುಯ್ಯೆಂದು ಹೋಯಿತು. ಅದರ ಬೆನ್ನಿಗೆ ಇನ್ನೊಂದು. ಬಾಗಿಲು ತೆಗೆದಿದ್ದರೆ ಅಜ್ಜಿಯ ಕೋಲು ಸರಿಯಾಗಿ ಅಲ್ಲೇ ಊರುತ್ತಿತ್ತು. ಅಕ್ಕ ನೋಡಿದಳು, ಗಂಡನೂ ನೋಡಿದ. ಅವನು ಹೇಳಿದ್ದು ಸರಿಯಾಗಿತ್ತು ಎಂಬುದು ಅವಳ ಕೋಪವನ್ನು ಇಳಿಸಲಿಲ್ಲ, ನೆತ್ತಿಗೇರಿಸಿತು. ತಪ್ಪು ಮಾಡಿದವನ ಮೇಲಾದರೆ ರೇಗಾಡಿ ಹಗುರವಾಗಬಹುದು. ಇಂಥವನನ್ನು ಏನು ಮಾಡುವುದು?

ನಿಲ್ದಾಣ ತಲುಪಿದಾಗ ಕೌಂಟರು ಮುಚ್ಚಿತ್ತು. ವಿಮಾನ ಇನ್ನೂ ನೆಲದ ಮೇಲೇ ಇತ್ತು, ಗಾಜಿನಾಚೆ ಕಾಣುತ್ತಲೇ ಇತ್ತು. ಆದರೂ ಕೌಂಟರಿನ ಹುಡುಗಿ ಎರಡೂ ಕೈ ಅಲ್ಲಾಡಿಸಿಬಿಟ್ಟಳು. ಅಕ್ಕ ಬೇಡಿದಳು, ಗದರಿದಳು, ತನಗೆ ಗೊತ್ತಿದ್ದ ಎಲ್ಲರ ಹೆಸರೂ ಹೇಳಿದಳು. ಕೊನೆಗೆ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಅದೇ ಗಾಜಿನ ಮುಂದೆ ನಿಲ್ಲಿಸಿದಳು. ವಿಮಾನ ಓಡಿ, ಮೂಗೆತ್ತಿ, ಅಕ್ಕನ ಮನೆಯ ಮಹಡಿಯ ಮೇಲಿಂದಲೇ ಹಾರಿಹೋಯಿತು.

"ಹೋಯ್ತಾ?" ಎಂದಳು ಅಜ್ಜಿ.

"ಹೋಯ್ತು ಅಜ್ಜಿ."

"ನಾನಿಲ್ಲದೇನೇ ಹೋಯ್ತು ನೋಡು," ಎಂದು ಅಜ್ಜಿ ಬೆರಗಿನಿಂದ ಹೇಳಿದಳು. ಆಮೇಲೆ ಚೀಲದಿಂದ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡಳು.

ಸೂಪರ್‌ವೈಸರು ಅಷ್ಟರಲ್ಲಿ ಅಲ್ಲಿಗೇ ಬಂದಿದ್ದ. ಬಾಯಿ ತೆರೆಯುವ ಮೊದಲೇ ಅಕ್ಕ ಅವನ ತೋಳು ಹಿಡಿದು ಗಾಜಿನ ಹತ್ತಿರ ಎಳೆದಳು. "ಸಾರ್, ಆ ಗೋಡೆ ಕಾಣ್ತಿದೆಯಾ? ಅದರ ಹಿಂದೆ ನೀಲಿ ನೀರಿನ ಟ್ಯಾಂಕು? ಅಲ್ಲಿ ಬಟ್ಟೆ ಹರವ್ತಾ ಇದಾರಲ್ಲ, ಅವರೇ ನಮ್ಮತ್ತೆ. ಇಲ್ಲಿಂದ ಅಲ್ಲಿಗೆ ನಿಮ್ಮ ನೇರ ಗೆರೆ ಮೇಲೆ ಒಂದು ಸಲ ನಡ್ಕೊಂಡು ಹೋಗಿ ಬನ್ನಿ. ಹೋಗಿ ಬಂದ್ರೆ ನಾನೇ ಕೆಲಸ ಬಿಟ್ಟು ಹೋಗ್ತೀನಿ."

ಅವನು ಬಹಳ ಹೊತ್ತು ಆ ನೀಲಿ ಟ್ಯಾಂಕನ್ನೇ ನೋಡಿದ. "ಮೇಲಕ್ಕೆ ಹೇಳಿ ನೋಡ್ತೀನಿ ಅಕ್ಕ," ಎಂದ. ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಆ ದಿನದ ಕೆಂಪು ಗುರುತನ್ನು ಅಳಿಸಲೂ ಇಲ್ಲ. ಅದು ತನ್ನ ಕೈಯಲ್ಲಿಲ್ಲ ಎಂದ.

ಅಜ್ಜಿಗೆ ಮರುದಿನದ ವಿಮಾನದಲ್ಲಿ ಜಾಗ ಸಿಕ್ಕಿತು. ಅಲ್ಲಿಯವರೆಗೆ ಎಲ್ಲಿರುವುದು? ಪಾಳಿ ಮುಗಿದ ಮೇಲೆ ಅಕ್ಕ ಅವಳನ್ನು ಮನೆಗೇ ಕರೆದುಕೊಂಡು ಬಂದಳು, ಮತ್ತೆ ಟೋಲು, ಮತ್ತೆ ಮೇಲುಸೇತುವೆ, ಮತ್ತೆ ಆಸ್ಪತ್ರೆಯ ಸಿಗ್ನಲ್ಲು. ಸಂಜೆ ಅತ್ತೆಯೂ ಅಜ್ಜಿಯೂ ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತರು.

"ಎದುರಿಗಿರೋದು ನಾನು ಬೆಳಗ್ಗೆ ಕೂತು ಅತ್ತ ಜಾಗ ಅಲ್ವಾ?" ಎಂದು ಅಜ್ಜಿ ಕೇಳಿದಳು.

"ಅದೇ," ಎಂದಳು ಅತ್ತೆ. "ಇಲ್ಲಿಂದ ಕೂಗಿದ್ರೆ ನಮ್ಮ ಸೊಸೆಗೆ ಕೇಳ್ಸುತ್ತೆ. ಬರೋಕೆ ಮಾತ್ರ ಅರ್ಧ ದಿನ."

ಮರುದಿನ ಬ್ರೇಕಣ್ಣ ಎಲ್ಲರಿಗಿಂತ ಮೊದಲೆದ್ದು ಅಜ್ಜಿಯ ಹಸಿರು ಚೀಲವನ್ನು ತಾನೇ ಹೊತ್ತು, ಕತ್ತಲಿರುವಾಗಲೇ ಹೊರಡುವ ಮೊದಲ ಟ್ರಿಪ್ಪಿನ ಬಸ್ಸಿಗೆ ಹತ್ತಿಸಿದ. ರಸ್ತೆ ಖಾಲಿಯಿತ್ತು. ಎಷ್ಟು ಬೇಗ ತಲುಪಿದರೆಂದರೆ ನಿಲ್ದಾಣದ ಕಸ ಗುಡಿಸುವವರೂ ಬಂದಿರಲಿಲ್ಲ. ಅಜ್ಜಿ ಬೆಂಚಿನ ಮೇಲೆ ಕೂತು ಸಾಕಾಗುವಷ್ಟು ಆಕಳಿಸಿ, ಹೊತ್ತಾದ ಮೇಲೆ ಅಕ್ಕನ ಕುರ್ಚಿಯಲ್ಲಿ ಕೂತು ಹೋಗಿ ವಿಮಾನ ಹತ್ತಿದಳು. ಸಂಜೆ ಫೋನು ಮಾಡಿದಳು. ಆಕಾಶದಲ್ಲಿ ಕೂತದ್ದು ಒಂದು ಟೀ ಕುಡಿಯುವಷ್ಟು ಹೊತ್ತಂತೆ. ಅಲ್ಲಿಯ ನಿಲ್ದಾಣದಿಂದ ತನ್ನ ಅಕ್ಕನ ಮನೆ ಸೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತಂತೆ. "ಎಲ್ಲಾ ಕಡೆ ಇದೇ ಗೋಳು ಮಗಳೇ," ಎಂದಳು.

ಸೂಪರ್‌ವೈಸರು ಮಾತಿಗೆ ತಪ್ಪಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಅಕ್ಕನಿಗೆ ಆಫೀಸಿನ ವ್ಯಾನು ಮಂಜೂರಾಯಿತು. ಅವಳು ಆ ದಿನ ಮನೆಮಂದಿಗೆಲ್ಲ ಸಿಹಿ ತಂದಳು. ಆದರೆ ವ್ಯಾನು ದಾರಿಯುದ್ದಕ್ಕೂ ಉಳಿದವರನ್ನು ಹತ್ತಿಸಿಕೊಳ್ಳಬೇಕಿತ್ತು. ಇವಳ ಮನೆ ಒಂದು ತುದಿಯಲ್ಲಿತ್ತಾದ್ದರಿಂದ ಮೊದಲು ಹತ್ತುವವಳು ಇವಳೇ, ಸಂಜೆ ಕೊನೆಗೆ ಇಳಿಯುವವಳೂ ಇವಳೇ. ಗಲ್ಲಿಗಲ್ಲಿಗೆ ನುಗ್ಗಿ, ಇನ್ನೂ ತಲೆ ಬಾಚುತ್ತಿರುವವರಿಗಾಗಿ ಹಾರನ್ನು ಒತ್ತಿ, ಕೊನೆಗೆ ವ್ಯಾನೂ ಬಂದು ನಿಲ್ಲುತ್ತಿದ್ದದ್ದು ಅದೇ ಮೇಲುಸೇತುವೆಯ ಕೆಳಗೆ. ಅಲ್ಲಿ ಪಕ್ಕದ ಸಾಲಿನಲ್ಲಿ ಗಂಡನ ಬಸ್ಸು ನಿಂತಿರುತ್ತಿತ್ತು. ಅವನು ಮೇಲಿಂದ ಇವಳನ್ನು ನೋಡುವನು, ಇವಳು ಕೆಳಗಿನಿಂದ ಅವನನ್ನು ನೋಡುವಳು. ಒಂದೆರಡು ಸಲ ಬಸ್ಸೇ ಮುಂದೆ ಹೋಯಿತು.

ಒಂದು ಸಂಜೆ ವ್ಯಾನಿನಿಂದ ಇಳಿದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತಳು. "ಇನ್ನು ನನ್ನ ಕೈಯಲ್ಲಿ ಆಗಲ್ಲ. ಮನೆ ಬದಲಾಯಿಸೋಣ," ಎಂದಳು.

ಅತ್ತೆ ಮೊದಲು ಒಪ್ಪಲಿಲ್ಲ. "ವಿಮಾನದ ಸದ್ದಿಲ್ಲದೆ ನನಗೆ ನಿದ್ದೆ ಬರಲ್ಲ ಕಣಮ್ಮ."

"ಹೋಗ್ತಿರೋದು ಇನ್ನೂ ಹತ್ತಿರಕ್ಕೆ ಅತ್ತೆ. ಅಲ್ಲಿ ಇನ್ನೂ ಜೋರಾಗಿ ಕೇಳ್ಸುತ್ತೆ."

"ಹಾಗಿದ್ರೆ ಸರಿ," ಎಂದು ಅತ್ತೆ ಪಾತ್ರೆ ಕಟ್ಟಲು ಎದ್ದಳು.

ನಿಲ್ದಾಣದ ಮುಂಭಾಗದ ಕಡೆ, ಹೆದ್ದಾರಿಯ ಪಕ್ಕದ ಹೊಸ ಬಡಾವಣೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ರಸ್ತೆಗೆ ಇನ್ನೂ ಡಾಂಬರು ಬಿದ್ದಿರಲಿಲ್ಲ. ಹಾಲಿನಂಗಡಿ ಸಹ ದೂರ. ಆದರೆ ಅಕ್ಕ ನಡೆದು ಕೆಲಸಕ್ಕೆ ಹೋಗುವಂತಾಯಿತು. ಬೆರಳೊತ್ತುವ ಯಂತ್ರ ಹಸಿರಾದ ಮೊದಲ ದಿನ ಅವಳು ಅದಕ್ಕೆ ನಾಲಿಗೆ ತೋರಿಸಿದಳು. ಎಷ್ಟೋ ವರ್ಷಗಳ ನಂತರ ಬೆಳಗ್ಗೆ ಕೂತು ಟೀ ಕುಡಿದಳು.

ಆ ಸುಖದಲ್ಲಿ ಗಂಡನ ಡಿಪೋದ ವಿಷಯ ಗಂಡಹೆಂಡತಿ ಇಬ್ಬರಿಗೂ ಹೊಳೆದಿರಲಿಲ್ಲ. ಅವನ ಡಿಪೋ ಇದ್ದದ್ದು ಹಳೆಯ ಮನೆಯ ಹಿಂದಿನ ಬೀದಿಯಲ್ಲಿ. ಅವನದು ದಿನದ ಮೊದಲ ಬಸ್ಸು. ಅದು ಡಿಪೋದಿಂದ ಹೊರಡಬೇಕಾದರೆ ಅವನು ಡಿಪೋಗೆ ಬರಬೇಕು, ಅವನು ಡಿಪೋಗೆ ಬರಲು ಅದಕ್ಕಿಂತ ಮೊದಲು ಬೇರೆ ಬಸ್ಸೇ ಇಲ್ಲ. ಹಳೆಯ ಸ್ಕೂಟರೊಂದನ್ನು ಕೊಂಡ. ಸ್ಕೂಟರಿನ ಮೇಲೂ ಅವನು ಬ್ರೇಕಣ್ಣನೇ. ಎದುರಿಗೆ ಒಂದು ನಾಯಿಯೂ ಇಲ್ಲದ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ಮರ್ಯಾದೆ ಕೊಟ್ಟು ನಿಲ್ಲುತ್ತಿದ್ದ. ಒಂದು ಮುಂಜಾನೆ ಹೆದ್ದಾರಿಯಲ್ಲಿ ಲಾರಿಗಳ ಸಾಲಿಗೆ ಸಿಕ್ಕಿಕೊಂಡು, ಇಡೀ ಕೆಲಸದ ಬಾಳಿನಲ್ಲಿ ಮೊದಲ ಸಲ ಅವನು ತಡವಾಗಿ ಡಿಪೋ ಸೇರಿದ. ಬಸ್ಸನ್ನು ಬೇರೆಯವನು ತೆಗೆದುಕೊಂಡು ಹೋಗಿದ್ದ. ಮ್ಯಾನೇಜರು ಎಲ್ಲರೆದುರಿಗೇ ನಿಲ್ಲಿಸಿ ಬೈದ.

ಆ ಸಂಜೆ ಅವನು ಬಂದು ಗೋಡೆಗೊರಗಿ ಕೂತ. "ಲಾರಿಯೋರು ದಾರೀನೇ ಬಿಡ್ಲಿಲ್ಲ ಕಣೇ," ಎಂದ. "ನಾನೇನು ಮಾಡ್ಲಿ? ಹಾರಿ ಹೋಗ್ಲಾ?"

ಹೇಳಲು ಅಕ್ಕನ ನಾಲಿಗೆಯ ಮೇಲೆ ಎಷ್ಟೋ ಮಾತುಗಳು ಬಂದವು. ವರ್ಷಗಟ್ಟಲೆ ಕೂಡಿಟ್ಟದ್ದು, ಒಂದೊಂದೂ ಚೂರಿಯಂಥವು. ಆದರೆ ಅವನ ಮುಖ ನೋಡಿ ಎದ್ದು ತಟ್ಟೆ ಇಟ್ಟಳು. "ಕೈಕಾಲು ತೊಳ್ಕೊಂಡು ಬನ್ನಿ, ಊಟ ಮಾಡೋಣ," ಎಂದಷ್ಟೇ ಹೇಳಿದಳು.

ಮ್ಯಾನೇಜರಿಗೆ ದಮ್ಮಯ್ಯ ಎಂದು ಬೇಡಿ ಅವನು ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡ. ಅಕ್ಕ ಬೆಳಗ್ಗೆ ಹೋದರೆ ಅವನು ಮಲಗಿರುತ್ತಾನೆ. ಅವನು ಬರುವಷ್ಟರಲ್ಲಿ ಇವಳು ಮಲಗಿರುತ್ತಾಳೆ. ಈಗ ಅವರು ಎಚ್ಚರವಿರುವಾಗ ಮುಖ ನೋಡುವುದು ಅವನ ಬಸ್ಸು ಮೊದಲ ಟ್ರಿಪ್ಪು ಮುಗಿಸಿ ನಿಲ್ದಾಣಕ್ಕೆ ಬಂದು ತಿರುಗುವ ಮೊದಲು ನಿಲ್ಲುವ ಐದು ನಿಮಿಷದಲ್ಲಿ. ಪಾಳಿ ಮುಗಿಸಿದ ಅಕ್ಕ ಎರಡು ಟೀ ಹಿಡಿದುಕೊಂಡು ಬಸ್‌ಸ್ಟಾಪಿನಲ್ಲಿ ಕಾಯುತ್ತಾಳೆ. ಅಷ್ಟರಲ್ಲೇ ಗ್ಯಾಸ್ ಬುಕ್ ಮಾಡಿದ್ದು, ಅತ್ತೆಯ ಕಾಲು ಊದಿದ್ದು, ನಲ್ಲಿ ಸೋರುವುದು ಎಲ್ಲ ಮಾತಾಡಿ ಮುಗಿಸಬೇಕು.

ನಿನ್ನೆಯೂ ಕಾದಳು. ಬಸ್ಸಿನ ಹೊತ್ತು ಬಂತು, ಬಸ್ಸು ಬರಲಿಲ್ಲ. ತಲೆಯ ಮೇಲೆ ಒಂದು ವಿಮಾನ ಇಳಿಯಿತು, ಇನ್ನೊಂದು ಏರಿತು. ಫೋನು ಮಾಡಿದರೆ ಅವನು ತೆಗೆಯುವುದಿಲ್ಲ, ಬಸ್ಸು ಓಡಿಸುವಾಗ ಫೋನು ಮುಟ್ಟುವವನಲ್ಲ. ಕೊನೆಗೂ ತಿರುವಿನಲ್ಲಿ ಬಸ್ಸಿನ ಮೂತಿ ಕಂಡಾಗ ಅವನಿಗೆ ನಿಲ್ಲಲು ಹೊತ್ತೇ ಉಳಿದಿರಲಿಲ್ಲ. ಜನ ಇಳಿದರು, ಜನ ಹತ್ತಿದರು. ಅಕ್ಕ ಕಿಟಕಿಯಿಂದ ಲೋಟ ಕೊಟ್ಟಳು.

"ಮೇಲುಸೇತುವೆ ಹತ್ರ..." ಎಂದು ಅವನು ಶುರು ಮಾಡಿದ.

"ಗೊತ್ತು ಬಿಡಿ. ಕುಡೀರಿ, ಆರಿದೆ."

ಅವನು ಒಂದೇ ಗುಟುಕಿಗೆ ಕುಡಿದು, ಮುಖ ಹಿಂಡಿ, ಲೋಟ ವಾಪಸು ಕೊಟ್ಟು ಗೇರು ಹಾಕಿದ.